ನಾಯಿ, ಬೆಕ್ಕುಗಳ ಶೆಲ್ಟರ್‌ನಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವುದು ಹೇಗೆ

ಶೆಲ್ಟರ್ ನಡೆಸುವವರ ಹತ್ತಿರ ರೋಗದ ಮಾತು ಬಂದರೆ ಅವರು ಮೊದಲು ಕೇಳುವುದು "ಯಾವ ಸೋಂಕುನಾಶಕ ಒಳ್ಳೆಯದು?" ಅಂತ. ಅದನ್ನೂ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಪೇಪರ್, ಪೆನ್ನು ತೆಗೆದುಕೊಂಡು ಸಣ್ಣ ಲೆಕ್ಕ ಹಾಕಿ. ದಿನಕ್ಕೆ ಸರಾಸರಿ ಎಷ್ಟು ಪ್ರಾಣಿಗಳು ಒಳಗೆ ಬರುತ್ತವೆ? ಬಂದದ್ದು ಎಷ್ಟು ದಿನ ಇರುತ್ತದೆ? ಎರಡನ್ನೂ ಗುಣಿಸಿ. ದಿನಕ್ಕೆ 5 ಬಂದು, ಒಂದೊಂದೂ 20 ದಿನ ಇದ್ದರೆ ನಿಮ್ಮಲ್ಲಿ ಯಾವಾಗಲೂ ಸುಮಾರು 100 ಪ್ರಾಣಿಗಳು ಇರುತ್ತವೆ. ಅದೇ 14 ದಿನಕ್ಕೆ ಇಳಿದರೆ 70. ಒಳಗೆ ಬರುವುದನ್ನು ಒಂದೂ ತಡೆಯದೆ 30 ಗೂಡು ತೊಳೆಯುವ ಕೆಲಸ ಉಳಿಯಿತು, ಆ ಸಮಯ ಉಳಿದ 70ಕ್ಕೆ ಸಿಕ್ಕಿತು.

ಪ್ರಾಣಿ ಒಳಗೆ ಜಾಸ್ತಿ ದಿನ ಇದ್ದಷ್ಟೂ ಅದಕ್ಕೆ ಏನಾದರೂ ಅಂಟುವ ಸಾಧ್ಯತೆ ಜಾಸ್ತಿ, ಅಂಟಿದರೆ ಚಿಕಿತ್ಸೆಗೆ ಅಂತ ಇನ್ನಷ್ಟು ದಿನ ಇರಬೇಕಾಗುತ್ತದೆ, ಆ ದಿನಗಳಲ್ಲಿ ಅದು ಪಕ್ಕದ ಪ್ರಾಣಿಗಳಿಗೂ ಹಂಚುತ್ತದೆ, ಅವೂ ಹೊರಗೆ ಹೋಗುವುದು ತಡವಾಗುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ಯಾವ ಬಾಟಲಿ ತಂದು ಸುರಿದರೂ ನಿಲ್ಲುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಪಟ್ಟಿ ಹಿಡಿದು ಕೂತು, ಪ್ರತಿ ಪ್ರಾಣಿಯ ಹೆಸರಿನ ಮುಂದೆ "ಇದು ಈಗ ಯಾಕೆ ಇನ್ನೂ ಇಲ್ಲಿದೆ?" ಅಂತ ಕೇಳಿ. ಆಪರೇಷನ್‌ಗೆ ಕಾಯುತ್ತಿದೆಯಾ? ಫೋಟೋ ಹಾಕಿಲ್ಲವಾ? ಡಾಕ್ಟರು ಒಂದು ಸಹಿ ಹಾಕಬೇಕಾ? ಎಷ್ಟೋ ಸಲ ಕಾರಣ ಇಷ್ಟು ಚಿಕ್ಕದಾಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ ಅಷ್ಟೇ. ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು: ಜಾಗ ಇಲ್ಲದಿದ್ದಾಗ ಎರಡು ನಾಯಿಯ ಗೂಡಿಗೆ ನಾಲ್ಕನ್ನು ತುಂಬುವುದು ದಯೆಯ ಕೆಲಸದಂತೆ ಕಾಣುತ್ತದೆ, ಆದರೆ ಅದರ ಬೆಲೆಯನ್ನು ಆ ನಾಲ್ಕೂ ತೆರುತ್ತವೆ. ತುರ್ತಲ್ಲದಿದ್ದರೆ ಬರುವವರಿಗೆ ದಿನ ಗೊತ್ತು ಮಾಡಿ, ಜಾಗ ಖಾಲಿಯಾದಾಗ ಕರೆಯಿರಿ. ಮರಿಗಳನ್ನಂತೂ ಸಾಧ್ಯವಾದಷ್ಟು ಯಾರದಾದರೂ ಮನೆಯಲ್ಲಿ ಇರಿಸಿ ಸಾಕಿಸುವುದೇ ಒಳ್ಳೆಯದು.

ಬಾಗಿಲಲ್ಲೇ ಲಸಿಕೆ

ಪ್ರಾಣಿ ಒಳಗೆ ಬಂದ ಕೂಡಲೇ, ಗೂಡಿಗೆ ಹಾಕುವ ಮೊದಲೇ ಲಸಿಕೆ ಕೊಡಿ. "ನಾಳೆ ಡಾಕ್ಟರು ಬಂದಾಗ ಕೊಡೋಣ", "ನಾಲ್ಕು ದಿನ ನೋಡಿ ಆರೋಗ್ಯವಾಗಿದ್ದರೆ ಕೊಡೋಣ" ಅನ್ನುವುದು ಮನೆ ನಾಯಿಗೆ ಸರಿ, ಶೆಲ್ಟರ್‌ಗೆ ಸರಿಯಲ್ಲ. ಮೊದಲ ದಿನವೇ ವೈರಸ್ ಎದುರಾಗುವ ಜಾಗ ಇದು. ಜೀವಂತ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ ಡಿಸ್ಟೆಂಪರ್ (ಕೆಮ್ಮಿನಂತೆ ಶುರುವಾಗಿ ಫಿಟ್ಸ್‌ವರೆಗೂ ಹೋಗುವ ನಾಯಿ ರೋಗ) ವಿರುದ್ಧ ತುಂಬಾ ಬೇಗ ಕೆಲಸ ಶುರುಮಾಡುತ್ತದೆ, ಪಾರ್ವೋ (ವಾಂತಿ, ಭೇದಿ ತರುವ ವೈರಸ್) ವಿರುದ್ಧ ಕೆಲವೇ ದಿನಗಳಲ್ಲಿ. ಒಂದು ದಿನ ತಡವಾದರೂ ವ್ಯತ್ಯಾಸವಾಗುವುದು ಅದಕ್ಕೇ. ಸತ್ತ ವೈರಸ್ಸಿನ ಲಸಿಕೆ ಇಷ್ಟು ಬೇಗ ರಕ್ಷಣೆ ಕೊಡುವುದಿಲ್ಲ, ಆದ್ದರಿಂದ ಕೊಳ್ಳುವಾಗ ಲೇಬಲ್ ಓದಿ ಕೊಳ್ಳಿ.

ನಾಯಿಗೆ ಡಿಸ್ಟೆಂಪರ್, ಅಡಿನೋ, ಪಾರ್ವೋ, ಪ್ಯಾರಾಇನ್‌ಫ್ಲುಯೆಂಜಾ ಈ ನಾಲ್ಕು ವೈರಸ್‌ಗಳದ್ದೂ ಸೇರಿದ ಲಸಿಕೆ. ಜೊತೆಗೆ ಕೆಮ್ಮಿನ ಬೋರ್ಡೆಟೆಲ್ಲಾ ಲಸಿಕೆ, ಇದನ್ನು ಮೂಗಿಗೆ ಅಥವಾ ಬಾಯಿಗೆ ಹಾಕುತ್ತಾರೆ. ಮೂಗಿಗೆ ಹಾಕುವ ಲಸಿಕೆಯನ್ನು ಯಾರಾದರೂ ಅವಸರದಲ್ಲಿ ಚರ್ಮದ ಕೆಳಗೆ ಚುಚ್ಚಿಬಿಟ್ಟರೆ ದೊಡ್ಡ ಹುಣ್ಣು, ಕೆಲವೊಮ್ಮೆ ಯಕೃತ್ತಿಗೇ ಹಾನಿ ಆಗಬಹುದು, ಹೊಸಬರ ಕೈಗೆ ಕೊಡುವ ಮೊದಲು ಇದನ್ನು ಎರಡೆರಡು ಸಲ ಹೇಳಿ. ಬೆಕ್ಕಿಗೆ ಪ್ಯಾನ್‌ಲ್ಯುಕೋಪೀನಿಯಾ (ಬೆಕ್ಕಿನ ಪಾರ್ವೋ ಅನ್ನಬಹುದು), ನೆಗಡಿ ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು, ಈ ಮೂರೂ ಸೇರಿದ ಲಸಿಕೆ. ರೇಬೀಸ್ ಲಸಿಕೆ ನಿಮ್ಮ ಊರಿನ ನಿಯಮದ ಪ್ರಕಾರ, ಹೊರಗೆ ಹೋಗುವ ಮೊದಲಂತೂ ಆಗಿರಲೇಬೇಕು. ದೀರ್ಘ ಕಾಲ ಇರುವಂಥವಕ್ಕೆ ಬಂದ ದಿನವೇ ಕೊಟ್ಟರೆ ಉತ್ತಮ.

ಮರಿಗಳ ವಿಷಯ ಸ್ವಲ್ಪ ಬೇರೆ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕೆಲವು ವಾರ ಕಾಯುತ್ತವೆ, ಆದರೆ ಅವೇ ಲಸಿಕೆ ಹಿಡಿಯದಂತೆಯೂ ಮಾಡುತ್ತವೆ. ಅವು ಯಾವ ವಾರ ಇಳಿಯುತ್ತವೆ ಅನ್ನುವುದು ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ. ಇಳಿಯುತ್ತಾ ಬಂದಾಗ ಮಧ್ಯದಲ್ಲಿ ಕೆಲವು ದಿನ ಹೀಗಿರುತ್ತದೆ: ರೋಗ ತಡೆಯುವಷ್ಟು ಪ್ರತಿಕಾಯ ಉಳಿದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಇದೆ. ಆ ದಿನಗಳನ್ನು ಹೊರಗಿನಿಂದ ನೋಡಿ ಗುರುತಿಸಲಾಗದು. ಅದಕ್ಕೇ ಶೆಲ್ಟರ್‌ನಲ್ಲಿ 4 ವಾರದ ವಯಸ್ಸಿನಿಂದ ಶುರುಮಾಡಿ, ಎರಡೆರಡು ವಾರಕ್ಕೊಮ್ಮೆ, ಸುಮಾರು 20 ವಾರ ಆಗುವವರೆಗೂ ಕೊಡುತ್ತಾ ಹೋಗುವುದು. "ಒಂದು ಡೋಸ್ ಆಗಿದೆ, ಹಾಗಾಗಿ ಪಾರ್ವೋ ಬರಲ್ಲ" ಅನ್ನುವ ಮಾತನ್ನು ಮರಿಯ ವಿಷಯದಲ್ಲಿ ಯಾವತ್ತೂ ನಂಬಬೇಡಿ. ದೊಡ್ಡ ನಾಯಿ, ಬೆಕ್ಕುಗಳಿಗೆ ಎರಡು ವಾರದ ನಂತರ ಇನ್ನೊಂದು ಡೋಸ್ ಸಾಕು.

ಸ್ವಲ್ಪ ನೆಗಡಿ ಇದೆ, ಗಾಯ ಇದೆ, ಹಾಲೂಡಿಸುತ್ತಿದೆ ಅನ್ನುವುದೆಲ್ಲ ಲಸಿಕೆ ಬಿಡಲು ಕಾರಣವಲ್ಲ. ಗಬ್ಬದ ಪ್ರಾಣಿಗೆ ಕೊಡುವುದಾ ಬೇಡವಾ ಅನ್ನುವುದನ್ನು ಮಾತ್ರ ಡಾಕ್ಟರ ಜೊತೆ ಮೊದಲೇ ಮಾತಾಡಿ ನಿಯಮ ಮಾಡಿಟ್ಟುಕೊಳ್ಳಿ, ಜೀವಂತ ಲಸಿಕೆಯಿಂದ ಹೊಟ್ಟೆಯೊಳಗಿನ ಮರಿಗೆ ಅಪಾಯ ಇರಬಹುದು, ಕೊಡದಿದ್ದರೆ ತಾಯಿಗೇ ಅಪಾಯ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು, ಫ್ರೀಜರ್ ಗೋಡೆಗೆ ತಗಲಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ, ಬೆಳಿಗ್ಗೆಯೇ ಹತ್ತು ಬಾಟಲಿ ಕಲಸಿ ಮೇಜಿನ ಮೇಲೆ ಇಡಬೇಡಿ. ಕಲಸಿದ್ದನ್ನು ಒಂದು ಗಂಟೆಯೊಳಗೆ ಬಳಸಿ.

ಅದೇ ಹೊತ್ತಿನಲ್ಲಿ ಜಂತುಹುಳುವಿನ ಔಷಧ, ಚಿಗಟ ಮತ್ತು ಉಣ್ಣಿಯ ಔಷಧ ಎರಡೂ ಆಗಲಿ. ಮರಿಗಳಿಗೆ ಎರಡು ವಾರ ವಯಸ್ಸಿನಿಂದಲೇ ಪೈರಾಂಟೆಲ್ ಅನ್ನುವ ಜಂತುಹುಳುವಿನ ಔಷಧವನ್ನು ಎರಡು ವಾರಕ್ಕೊಮ್ಮೆ ಕೊಡಬಹುದು. ನಾಯಿಗೆ ಹಾಕುವ, ಪರ್ಮೆಥ್ರಿನ್ ಇರುವ ಚಿಗಟದ ಔಷಧವನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ಸಾಯಬಹುದು. ಎರಡರ ಡಬ್ಬಿಗಳನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಿ.

ಯಾರನ್ನು ಎಲ್ಲಿ ಇಡುವುದು

ಇಲ್ಲಿ ಎರಡು ಜಾಗಗಳನ್ನು ಬೆರೆಸಬಾರದು. ರೋಗ ಇದೆ ಅಂತ ಗೊತ್ತಾದ ಪ್ರಾಣಿಗೆ ಐಸೊಲೇಷನ್. ಈಗ ಚೆನ್ನಾಗಿಯೇ ಇದೆ, ಆದರೆ ರೋಗಿಯ ಜೊತೆಗಿತ್ತು, ನಾಳೆ ಕಾಯಿಲೆ ಬೀಳಬಹುದು ಅನ್ನುವ ಪ್ರಾಣಿಗೆ ಕ್ವಾರಂಟೈನ್. ಎರಡನ್ನೂ ಒಂದೇ ಕೋಣೆಗೆ ಹಾಕಿದರೆ ಬೀಳದೇ ಇರಬಹುದಾಗಿದ್ದವೂ ಬೀಳುತ್ತವೆ. ಐಸೊಲೇಷನ್ ಅಂದರೂ ಒಂದೇ ಕೋಣೆ ಅಲ್ಲ, ಕೆಮ್ಮುವ ನಾಯಿಯನ್ನೂ ಪಾರ್ವೋ ಮರಿಯನ್ನೂ ಒಟ್ಟಿಗೆ ಇಟ್ಟರೆ ಎರಡಕ್ಕೂ ಎರಡೂ ಬರುತ್ತದೆ.

ಹೊಸದಾಗಿ ಬಂದ ಎಲ್ಲವನ್ನೂ ಎರಡು ವಾರ ಕ್ವಾರಂಟೈನ್‌ನಲ್ಲಿ ಇಡಬೇಕು ಅಂತ ಹಲವರು ಹೇಳುತ್ತಾರೆ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ದಿನವೂ ಹೊಸ ಪ್ರಾಣಿ ಬರುವ ಕಡೆ ಕ್ವಾರಂಟೈನ್ ಕೋಣೆಗೂ ದಿನವೂ ಹೊಸದು ಸೇರುತ್ತದೆ, ಹಾಗಾದರೆ ಎಣಿಕೆ ದಿನವೂ ಮೊದಲಿನಿಂದ ಶುರುವಾಗಬೇಕಲ್ವಾ? ಆರೋಗ್ಯವಾಗಿ ಕಾಣುವ, ಲಸಿಕೆ ಆದ ದೊಡ್ಡ ನಾಯಿಯನ್ನು ಸುಮ್ನೆ ಎರಡು ವಾರ ಕೂಡಿಹಾಕುವುದಕ್ಕಿಂತ ಮೂರನೇ ದಿನ ಒಳ್ಳೆಯ ಮನೆಗೆ ಕಳಿಸುವುದು ಎಲ್ಲರಿಗೂ ಕ್ಷೇಮ. ಕ್ವಾರಂಟೈನ್ ಅನ್ನು ನಿಜವಾಗಿ ಸೋಂಕಿಗೆ ಒಡ್ಡಿಕೊಂಡಿದ್ದಕ್ಕೆ ಉಳಿಸಿಕೊಳ್ಳಿ, ಮತ್ತು ಒಂದು ಗುಂಪು ಒಳಗೆ ಹೋದರೆ ಆ ಗುಂಪು ಹೊರಗೆ ಬರುವವರೆಗೂ ಇನ್ನೊಂದನ್ನು ಸೇರಿಸಬೇಡಿ.

5 ತಿಂಗಳೊಳಗಿನ ಮರಿಗಳನ್ನು ದೊಡ್ಡವುಗಳಿಂದ ದೂರ ಇಡಿ. ಒಂದು ಸೂಲಿನ ಮರಿಗಳು ಒಟ್ಟಿಗೆ ಇರಲಿ, ಬೇರೆ ಸೂಲಿನವನ್ನು ಅದಕ್ಕೆ ಬೆರೆಸಬೇಡಿ. ನಾಯಿಗಳು ಕಾಣದ, ಅವುಗಳ ಬೊಗಳಾಟ ಕೇಳದ ಜಾಗ ಬೆಕ್ಕುಗಳಿಗೆ.

ಇದು ಬರೀ ಬೆಕ್ಕಿನ ನೆಮ್ಮದಿಯ ಮಾತಲ್ಲ. ಹರ್ಪಿಸ್ ವೈರಸ್ ಒಮ್ಮೆ ಹೊಕ್ಕ ಬೆಕ್ಕಿನ ದೇಹದಲ್ಲಿ ಜೀವಮಾನವಿಡೀ ಅಡಗಿರುತ್ತದೆ. ಬೆಕ್ಕು ಹೆದರಿದಾಗ, ಜಾಗ ಬದಲಾದಾಗ ಅದು ಮತ್ತೆ ಎದ್ದು, ಸುಮಾರು ಒಂದು ವಾರದ ನಂತರ ಹೊರಗೆ ಬೀಳಲು ಶುರುವಾಗುತ್ತದೆ. ಬಂದಾಗ ಚೆನ್ನಾಗಿದ್ದ ಬೆಕ್ಕು ಎರಡನೇ ವಾರ ಸೀನುವುದು ಇದೇ ಲೆಕ್ಕ. ಅಲ್ಲಿ ನೀವು ಹುಡುಕಬೇಕಾದ್ದು ಹೊರಗಿನಿಂದ ವೈರಸ್ ತಂದವರನ್ನಲ್ಲ, ಬೆಕ್ಕನ್ನು ಹೆದರಿಸಿದ ಸಂಗತಿಯನ್ನು. ಗೂಡು ದೊಡ್ಡದಿರಲಿ, ಒಂದು ಬೆಕ್ಕಿಗೆ ನೆಲದ ಅಳತೆ ಸುಮಾರು 1 ಚದರ ಮೀಟರ್ ಇದ್ದರೆ ಒಳ್ಳೆಯದು. ಊಟದ ಬಟ್ಟಲಿಗೂ ಮಲದ ಟ್ರೇಗೂ ನಡುವೆ ಕನಿಷ್ಠ 60 ಸೆಂಟಿಮೀಟರ್ ಅಂತರ ಬೇಕು. ಎರಡು ಸಣ್ಣ ಗೂಡುಗಳ ನಡುವಿನ ಗೋಡೆಗೆ ರಂಧ್ರ ಕೊರೆದು ಒಂದು ಮಾಡಿದರೆ ಅಗ್ಗದಲ್ಲಿ ಕೆಲಸ ಮುಗಿಯುತ್ತದೆ, ಒಂದು ಕಡೆ ಟ್ರೇ, ಇನ್ನೊಂದು ಕಡೆ ಊಟ ಮತ್ತು ಹಾಸಿಗೆ. ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬ ಖಂಡಿತ ಇಡಿ, ಆ ಬೆಕ್ಕು ಹೋದ ಮೇಲೆ ಡಬ್ಬವನ್ನು ಎಸೆದರಾಯಿತು. ಗೂಡಿನಿಂದ ಗೂಡಿಗೆ ದಿನಕ್ಕೊಂದು ವರ್ಗಾವಣೆ ಮಾಡಬೇಡಿ.

ತೊಳೆಯುವ ಕೆಲಸ

ಈಗ ಸೋಂಕುನಾಶಕದ ಪ್ರಶ್ನೆ. ಮೊದಲು ಸೋಪಿನ ನೀರು. ಮಲ, ವಾಂತಿ, ಕೂದಲು, ಜಿಡ್ಡು ಇರುವ ನೆಲದ ಮೇಲೆ ಬ್ಲೀಚ್ ಸುರಿದರೆ ಬ್ಲೀಚ್ ಆ ಕೊಳೆಯ ಜೊತೆ ಹೋರಾಡಿಯೇ ಮುಗಿದುಹೋಗುತ್ತದೆ, ವೈರಸ್ ಹಾಗೇ ಉಳಿಯುತ್ತದೆ. ಹಾಗಾಗಿ ಕೊಳೆ ತೆಗೆಯಿರಿ, ಡಿಟರ್ಜೆಂಟ್ ಹಾಕಿ ಉಜ್ಜಿ, ನೀರಿನಲ್ಲಿ ತೊಳೆಯಿರಿ, ನಿಂತ ನೀರು ಎಳೆದು ತೆಗೆಯಿರಿ, ಆಮೇಲೆ ಸೋಂಕುನಾಶಕ. ಶೇಕಡಾ 5ರಿಂದ 6ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ಆದರೆ 1 ಲೀಟರ್ ನೀರಿಗೆ 30 ಮಿಲಿ, ಅಂದರೆ ಹೆಚ್ಚು ಕಡಿಮೆ 1ಕ್ಕೆ 32. ನೆಲ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಒರೆಸಿ ಹೋದ ಎರಡು ನಿಮಿಷಕ್ಕೆ ಒಣಗಿದರೆ ಕೆಲಸ ಆಗಿಲ್ಲ ಅಂತಲೇ ಅರ್ಥ. ಕಲಸಿದ ಬ್ಲೀಚ್ ಒಂದು ದಿನದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಬೆಳಕಿನಲ್ಲಿ ಇನ್ನೂ ಬೇಗ. ದಿನವೂ ಹೊಸದು ಕಲಸಿ, ಬಾಟಲಿಯ ಮೇಲೆ ತಾರೀಖು ಬರೆಯಿರಿ. ಆಮ್ಲದ ಜೊತೆ, ಅಮೋನಿಯಾ ಇರುವ ಯಾವುದರ ಜೊತೆಯೂ ಬೆರೆಸಬಾರದು, ವಿಷಾನಿಲ ಬರುತ್ತದೆ. ಮೂತ್ರ ನಿಂತ ಕಡೆ ನೇರ ಬ್ಲೀಚ್ ಹಾಕಿದರೂ ಕಣ್ಣು ಉರಿಯುವುದು ಅದಕ್ಕೇ.

ಬ್ಲೀಚಿನ ವಾಸನೆ, ತುಕ್ಕು ಬೇಡ ಅನ್ನುವವರಿಗೆ ವೇಗವರ್ಧಿತ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು, ಕೊಳೆ ಸ್ವಲ್ಪ ಉಳಿದಿದ್ದರೂ ಅದು ಕೆಲಸ ಮಾಡುತ್ತದೆ. ಪೊಟ್ಯಾಸಿಯಂ ಪೆರಾಕ್ಸಿಮೊನೊಸಲ್ಫೇಟ್ ಪುಡಿಯೂ ಸರಿ. ಕ್ವಾಟರ್ನರಿ ಅಮೋನಿಯಂ ಇರುವವನ್ನು ಪಾರ್ವೋ, ಪ್ಯಾನ್‌ಲ್ಯುಕೋಪೀನಿಯಾ, ಕ್ಯಾಲಿಸಿ ವೈರಸ್‌ಗಳಿಗೆ ನಂಬುವಂತಿಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಫಿನಾಯಿಲ್ ವಾಸನೆ ಬಂದರೇನೇ ಸ್ವಚ್ಛ ಅನ್ನುವ ನಂಬಿಕೆ ನಮ್ಮಲ್ಲಿ ಹಲವರಿಗಿದೆ, ಆದರೆ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತುಂಬಾ ಕಡಿಮೆ. ನೆಲದಿಂದ ಕಾಲಿಗೆ, ಕಾಲಿನಿಂದ ನಾಲಿಗೆಗೆ ಹೋಗುತ್ತದೆ. ಬೆಕ್ಕಿರುವ ಕಡೆ ಅದು ಬೇಡವೇ ಬೇಡ.

ಇನ್ನು ಕ್ರಮ. ಆರೋಗ್ಯವಂತ ಮರಿಗಳಿಂದ ಶುರುಮಾಡಿ, ಆಮೇಲೆ ಆರೋಗ್ಯವಂತ ದೊಡ್ಡವು, ಆಮೇಲೆ ಕ್ವಾರಂಟೈನ್, ಕೊನೆಗೆ ಐಸೊಲೇಷನ್. ಊಟ ಕೊಡುವುದು, ಔಷಧ ಕೊಡುವುದು, ಮುದ್ದಾಡಿಸುವುದು ಎಲ್ಲಕ್ಕೂ ಇದೇ ದಾರಿ, ವಾಪಸ್ ಬರುವಂತಿಲ್ಲ. ಜನ ಸಾಕಷ್ಟಿದ್ದರೆ ಐಸೊಲೇಷನ್‌ಗೆ ಬೇರೆಯೇ ಒಬ್ಬರನ್ನು ಇಡಿ. ಅಲ್ಲಿನ ಪೊರಕೆ, ಬಕೆಟ್, ಬಟ್ಟಲು, ಬೂಟು ಅಲ್ಲೇ ಇರಬೇಕು, ಗುರುತಿಗೆ ಬೇರೆ ಬಣ್ಣದ್ದಾದರೆ ಗಲಿಬಿಲಿ ಇಲ್ಲ. ನಾರಿನ ಮಾಪ್‌ನಿಂದ ಗೂಡಿಂದ ಗೂಡಿಗೆ ಒರೆಸುತ್ತಾ ಹೋಗುವುದೆಂದರೆ ಒಂದೇ ಕರವಸ್ತ್ರದಲ್ಲಿ ಇಡೀ ತರಗತಿಯ ಮೂಗು ಒರೆಸಿದಂತೆ. ನಾಯಿ ಒಳಗಿರುವಾಗಲೇ ಪೈಪ್ ಹಿಡಿದು ಜೋರಾಗಿ ನೀರು ಹೊಡೆಯಬೇಡಿ, ನಾಯಿಯೂ ಒದ್ದೆ, ಮಲದ ಹನಿಗಳೂ ಪಕ್ಕದ ಗೂಡಿಗೆ ಹಾರುತ್ತವೆ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಇಟ್ಟು ನಿಶ್ಚಿಂತೆಯಾಗಿರುವವರೂ ಇದ್ದಾರೆ. ಒಂದು ಕ್ಷಣ ಅದ್ದಿದರೆ ಏನೂ ಸಾಯುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಅದು ಬರೀ ಕೊಳೆ ನೀರು. ಬೂಟು ಬದಲಿಸುವುದೇ ಸರಿ.

ಬೆಕ್ಕಿನ ಗೂಡನ್ನು ಅದೇ ಬೆಕ್ಕು ಇರುವವರೆಗೆ ದಿನವೂ ಪೂರ್ತಿ ತೊಳೆಯುವ ಅಗತ್ಯವಿಲ್ಲ. ಟ್ರೇ, ಬಟ್ಟಲು, ಕೊಳೆಯಾದ ಜಾಗ ಮಾತ್ರ ಸ್ವಚ್ಛ ಮಾಡಿ, ಅದರ ವಾಸನೆ ಇರುವ ಬಟ್ಟೆ ಅಲ್ಲೇ ಇರಲಿ. ಬೆಕ್ಕಿಗೆ ಆತಂಕ ಕಡಿಮೆ, ಕೈಯಿಂದ ಕೈಗೆ ದಾಟುವ ಸೋಂಕೂ ಕಡಿಮೆ, ನಿಮ್ಮ ಸಮಯವೂ ಉಳಿಯಿತು. ಬೇರೆ ಬೆಕ್ಕು ಬರುವ ಮುಂಚೆ ಮಾತ್ರ ಪೂರ್ತಿ ತೊಳೆಯಿರಿ.

ಕೈಗಳು. ಸ್ಯಾನಿಟೈಸರ್ ಹಚ್ಚಿದರೆ ಮುಗಿಯಿತು ಅನ್ನುವ ಅಭ್ಯಾಸ ಬಿಡಿ, ಪಾರ್ವೋಗಾಗಲಿ ಪ್ಯಾನ್‌ಲ್ಯುಕೋಪೀನಿಯಾಗಾಗಲಿ ಆಲ್ಕೋಹಾಲ್ ನಾಟುವುದಿಲ್ಲ, ಕ್ಯಾಲಿಸಿಗೂ ಅಷ್ಟಾಗಿ ಇಲ್ಲ. ಸೋಪು ಮತ್ತು ಹರಿಯುವ ನೀರು, ಪ್ರಾಣಿಯಿಂದ ಪ್ರಾಣಿಗೆ ಹೊಸ ಗ್ಲೌಸ್. ಮರಿಗಳನ್ನು ಎತ್ತುವಾಗ ಮೇಲೊಂದು ಗೌನ್, ಯಾಕಂದರೆ ಅವು ಅಪ್ಪಿಕೊಳ್ಳುವುದು ನಿಮ್ಮ ಎದೆಯನ್ನು, ಕೈಯನ್ನಲ್ಲ.

ಬೆಳಗಿನ ಸುತ್ತು

ದಿನವೂ ತೊಳೆಯುವ ಮೊದಲು ಒಬ್ಬರು ಎಲ್ಲ ಗೂಡುಗಳನ್ನೂ ನೋಡಿಕೊಂಡು ಬರಬೇಕು. ತೊಳೆದ ಮೇಲೆ ನೋಡಿದರೆ ರಾತ್ರಿಯ ವಾಂತಿ, ಭೇದಿ, ಮುಟ್ಟದ ಊಟ ಯಾವುದೂ ಕಾಣುವುದಿಲ್ಲ, ಅವೇ ತಾನೆ ಮುಖ್ಯ ಸುಳಿವು? ಊಟ ಎಷ್ಟು ತಿಂದಿದೆ, ಮಲ ಹೇಗಿದೆ, ಕಣ್ಣು ಮೂಗು ಸೋರುತ್ತಿದೆಯಾ, ಕೆಮ್ಮು, ಚರ್ಮ, ನಡವಳಿಕೆ. ಬರೆದಿಡಿ. ನಿನ್ನೆ ಬಾಲ ಆಡಿಸಿದ ಮರಿ ಇವತ್ತು ಮೂಲೆಯಲ್ಲಿದ್ದರೆ, ಬೇರೇನೂ ಲಕ್ಷಣ ಇಲ್ಲದಿದ್ದರೂ, ಅದನ್ನು ಆಗಲೇ ಬೇರೆ ಮಾಡಿ. ಏನೂ ಇಲ್ಲ ಅಂತ ಆಮೇಲೆ ಗೊತ್ತಾದರೆ ನಷ್ಟವೇನಿಲ್ಲ. ಮತ್ತೆ, ಇದನ್ನು ಕಂಡವರು ಡಾಕ್ಟರನ್ನು ಕಾಯದೆ ತಾವೇ ಬೇರೆ ಮಾಡುವ ಅಧಿಕಾರ ಇರಬೇಕು, ಬರವಣಿಗೆಯಲ್ಲಿ.

ರೋಗಗಳು

ಪಾರ್ವೋ. 1978ರ ಸುಮಾರಿಗೆ ನಾಯಿಗಳಲ್ಲಿ ಕಾಣಿಸಿಕೊಂಡು ಒಂದೆರಡು ವರ್ಷದಲ್ಲಿ ಪ್ರಪಂಚವನ್ನೆಲ್ಲ ಸುತ್ತಿತು. ಬೆಕ್ಕಿನ ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿಗೆ ತೀರಾ ಹತ್ತಿರದ ಸಂಬಂಧಿ. ಈಗಿನ ನಾಯಿ ಪಾರ್ವೋ ತಳಿಗಳು ಬೆಕ್ಕಿಗೂ ತಗಲಬಲ್ಲವು, ಹಾಗಾಗಿ ಪಾರ್ವೋ ಮರಿಗಳನ್ನು ನೋಡಿಕೊಳ್ಳುವವರು ಆ ದಿನ ಬೆಕ್ಕಿನ ಮರಿಗಳ ಕೋಣೆಗೆ ಹೋಗದಿದ್ದರೆ ವಾಸಿ. ಸೋಂಕು ತಗಲಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಲಕ್ಷಣ ಕಾಣುತ್ತದೆ: ಮಂಕು, ವಾಂತಿ, ಭೇದಿ, ಕೆಲವೊಮ್ಮೆ ರಕ್ತ ಬೆರೆತದ್ದು. ರಕ್ತ ಇಲ್ಲ ಅಂದ ಮಾತ್ರಕ್ಕೆ ಪಾರ್ವೋ ಅಲ್ಲ ಅನ್ನಬೇಡಿ. ಲಕ್ಷಣ ಕಾಣುವ ಮೊದಲೇ ಮಲದಲ್ಲಿ ವೈರಸ್ ಬೀಳಲು ಶುರುವಾಗಿರುತ್ತದೆ, ಸುಮಾರು ಎರಡು ವಾರ ಬೀಳುತ್ತದೆ. ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಲದಿಂದ ಹತ್ತು ನಿಮಿಷದಲ್ಲಿ ಮಾಡುವ ಕಿಟ್ ಪರೀಕ್ಷೆ ಇಟ್ಟುಕೊಂಡಿರಿ. ಪಾಸಿಟಿವ್ ಬಂದರೆ ನಂಬಿ. ಮೊನ್ನೆಯಷ್ಟೇ ಲಸಿಕೆ ಹಾಕಿದ್ದೇವೆ, ಅದಕ್ಕೇ ಬಂದಿರಬೇಕು ಅಂತ ತಳ್ಳಿಹಾಕುವುದು ಅಪಾಯ, ಅಂಥದ್ದು ಅಪರೂಪ. ನೆಗೆಟಿವ್ ಬಂದು ಲಕ್ಷಣ ಮುಂದುವರಿದರೆ ಮತ್ತೆ ಮಾಡಿ. ಡ್ರಿಪ್, ವಾಂತಿ ನಿಲ್ಲಿಸುವ ಔಷಧ, ಬೇಗ ಸ್ವಲ್ಪ ಸ್ವಲ್ಪ ಊಟ, ಇಷ್ಟು ಸಮಯಕ್ಕೆ ಸಿಕ್ಕರೆ ಹೆಚ್ಚಿನ ಮರಿಗಳು ಉಳಿಯುತ್ತವೆ. ಗುಣವಾದ ಮರಿಗೆ ಹೊರಗೆ ಬಿಡುವ ಮುನ್ನ ಚೆನ್ನಾಗಿ ಸ್ನಾನ ಮಾಡಿಸಿ, ಕೂದಲಿನಲ್ಲಿ ಒಣಗಿದ ಮಲ ಸಾಕು ಮತ್ತೆ ಶುರುವಾಗಲು.

ಬೆಕ್ಕಿನ ಪ್ಯಾನ್‌ಲ್ಯುಕೋಪೀನಿಯಾ ಇನ್ನೂ ಕಳ್ಳ. ಸಂಜೆ ಆಡುತ್ತಿದ್ದ ಮರಿ ಬೆಳಿಗ್ಗೆ ಸತ್ತಿರುತ್ತದೆ, ಭೇದಿಯೇ ಇರುವುದಿಲ್ಲ. ಹೀಗೆ ಕಾರಣವಿಲ್ಲದೆ ಮರಿ ಸತ್ತರೆ ಅದನ್ನು ಪರೀಕ್ಷೆ ಮಾಡಿಸುವವರೆಗೂ ಆ ಕೋಣೆಯಿಂದ ಯಾವ ಮರಿಯನ್ನೂ ಹೊರಗೆ ಕಳಿಸಬೇಡಿ.

ಡಿಸ್ಟೆಂಪರ್ ವೈರಸ್ ಹೊರಗೆ ಬಹಳ ಹೊತ್ತು ಬದುಕುವುದಿಲ್ಲ, ಸೋಪಿಗೇ ಸಾಯುತ್ತದೆ. ಕಷ್ಟ ಇರುವುದು ಬೇರೆ ಕಡೆ. ಮೊದಲು ಮಾಮೂಲಿ ಕೆಮ್ಮು, ಸಿಂಬಳದಂತೆ ಕಾಣುತ್ತದೆ. ಕೆಮ್ಮಿನ ನಾಯಿಗಳ ಜೊತೆ ಇಡುತ್ತೀರಿ, ಅದು ಎಲ್ಲಕ್ಕೂ ಹರಡುತ್ತದೆ, ವಾರಗಳ ನಂತರ ಒಂದು ನಾಯಿಗೆ ಮುಖ ಅದುರುವುದು, ಫಿಟ್ಸ್ ಬಂದಾಗ ಗೊತ್ತಾಗುತ್ತದೆ. ಲಕ್ಷಣ ಕಾಣಲು ಒಂದೆರಡು ವಾರ ಸಾಮಾನ್ಯ, ಕೆಲವೊಮ್ಮೆ 6 ವಾರದವರೆಗೂ ಆಗಬಹುದು. ಹಾಗಾಗಿ ಗಟ್ಟಿ ಹಳದಿ ಸಿಂಬಳ, ಭೇದಿ, ಊಟ ಬಿಟ್ಟಿರುವುದು ಇವು ಒಟ್ಟಿಗೆ ಕಂಡರೆ ಪಿಸಿಆರ್ (ವೈರಸ್ಸಿನ ವಂಶವಾಹಿ ಹುಡುಕುವ ಲ್ಯಾಬ್ ಪರೀಕ್ಷೆ) ಮಾಡಿಸಿ, ಮಾಡಿಸುವಾಗ ಲಸಿಕೆ ಹಾಕಿದ ತಾರೀಖನ್ನು ಲ್ಯಾಬಿಗೆ ಹೇಳಿ, ಲಸಿಕೆಯ ವೈರಸ್ಸೂ ಕೆಲವು ವಾರ ಪಾಸಿಟಿವ್ ತೋರಿಸಬಲ್ಲದು.

ಸಾಮಾನ್ಯ ಕೆನಲ್ ಕೆಮ್ಮಿಗೆ ಹೆದರಬೇಕಾಗಿಲ್ಲ, ಹೆಚ್ಚಿನವು ತಾವೇ ಸುಧಾರಿಸುತ್ತವೆ. ಜ್ವರ, ಊಟ ಬಿಡುವುದು, ಏದುಸಿರು ಇದ್ದರೆ ಡಾಕ್ಟರು ನೋಡಬೇಕು. ನಾಯಿಯ ಕೆಮ್ಮು ಗಾಳಿಯಲ್ಲಿ ದೂರ ಹೋಗುತ್ತದೆ, 6 ಮೀಟರ್ ದಾಟಿಯೂ ಹೋಗಬಹುದು. ಒಳ್ಳೆಯ ಗಾಳಿ, ಹಗಲಿನಲ್ಲಿ ಹೊರಗೆ ಬಿಡುವುದು, ಬೊಗಳಾಟ ಕಡಿಮೆ ಮಾಡುವುದು ಇವೇ ಉಪಾಯ. ಬೆಕ್ಕಿನ ಸೀನು ಹಾಗಲ್ಲ, ಒಂದು, ಒಂದೂವರೆ ಮೀಟರ್‌ಗಿಂತ ಆಚೆ ಹೋಗುವುದು ಕಷ್ಟ. ಬೆಕ್ಕಿನ ನೆಗಡಿ ಹರಡುವುದು ಹೆಚ್ಚಾಗಿ ನಿಮ್ಮ ಕೈ, ಬಟ್ಟೆ, ಬಟ್ಟಲಿನಿಂದ. ಮೂಗು ಕಟ್ಟಿದ ಬೆಕ್ಕು ವಾಸನೆ ಸಿಗದೆ ಊಟ ಬಿಡುತ್ತದೆ, ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ, ಕಣ್ಣು ಮೂಗು ಒರೆಸಿ. ಜ್ವರಕ್ಕೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ. ಬಾಯಲ್ಲಿ ಹುಣ್ಣಿದ್ದರೆ ಕ್ಯಾಲಿಸಿಯ ಅನುಮಾನ ಪಡಿ.

ಹುಳುಕಡ್ಡಿ (ರಿಂಗ್‌ವರ್ಮ್, ಚರ್ಮದ ಶಿಲೀಂಧ್ರ ರೋಗ) ಕೊಲ್ಲುವುದಿಲ್ಲ, ಆದರೆ ಶೆಲ್ಟರನ್ನು ಸುಸ್ತು ಮಾಡಿಬಿಡುತ್ತದೆ. ಮೈಕ್ರೋಸ್ಪೋರಂ ಕ್ಯಾನಿಸ್ ಅನ್ನುವ ಈ ಶಿಲೀಂಧ್ರದ ಬೀಜಕಣಗಳು ಒಣ ಜಾಗದಲ್ಲಿ ವರ್ಷ ದಾಟಿಯೂ ಉಳಿಯಬಲ್ಲವು. ಕೂದಲೇ ಅದರ ವಾಹನ. ಬರುವ ಪ್ರತಿ ಬೆಕ್ಕಿನ ಮರಿಯ ಮುಖ, ಕಿವಿ, ಪಂಜ, ಬಾಲವನ್ನು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ (ನೇರಳಾತೀತ ಬೆಳಕಿನ ದೀಪ) ಹಿಡಿದು ನೋಡಿ, ಕೂದಲಿನ ಬುಡ ಎಳೆ ಹಸಿರಾಗಿ ಹೊಳೆದರೆ ಬೇರೆ ಮಾಡಿ. ಹೊಳೆಯದಿದ್ದರೂ ಕೂದಲುದುರಿದ ಗುರುತಿದ್ದರೆ ಹೊಸ ಟೂತ್‌ಬ್ರಷ್‌ನಿಂದ ಬಾಚಿ ಕಲ್ಚರ್‌ಗೆ (ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ. ವಾರಕ್ಕೆರಡು ಸಲ ಲೈಮ್ ಸಲ್ಫರ್ ಸ್ನಾನ, ಕೊಳೆತ ಮೊಟ್ಟೆಯ ವಾಸನೆ, ತಪ್ಪಿಸಿಕೊಳ್ಳುವ ದಾರಿಯಿಲ್ಲ, ಜೊತೆಗೆ ಡಾಕ್ಟರು ಹೇಳಿದ ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್. ಕೋಣೆಯಲ್ಲಿ ಕೂದಲು ಗುಡಿಸಿ, ಒರೆಸಿ ತೆಗೆಯುವುದು ಮುಕ್ಕಾಲು ಕೆಲಸ.

ಭೇದಿ ತರುವ ಕರುಳಿನ ಪರಾವಲಂಬಿಗಳಾದ ಜಿಯಾರ್ಡಿಯಾ, ಕಾಕ್ಸಿಡಿಯಾ ಎರಡಕ್ಕೂ ಮಲ ಅಂದಂದೇ ತೆಗೆಯುವುದೇ ಮುಖ್ಯ ಔಷಧ. ಕಾಕ್ಸಿಡಿಯಾ ಮೊಟ್ಟೆಗೆ ಬ್ಲೀಚ್ ಏನೂ ಮಾಡುವುದಿಲ್ಲ, ಹಬೆ ಬೇಕು. ಬೆಕ್ಕಿನ ಎಫ್‌ಐವಿ (ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಹರಡುವುದು ಹೆಚ್ಚಾಗಿ ಕಚ್ಚಾಟದಿಂದ, ಅಂಥ ಬೆಕ್ಕು ವರ್ಷಗಟ್ಟಲೆ ಚೆನ್ನಾಗಿ ಬದುಕಬಲ್ಲದು. ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್) ಜೊಲ್ಲಿನಿಂದಲೂ ದಾಟುತ್ತದೆ, ಅದಕ್ಕೆ ಗುಂಪಿನಲ್ಲಿ ಬಿಡುವ ಮೊದಲು ಪರೀಕ್ಷೆ ಬೇಕು.

ಒಂದೇ ಸಲ ಹಲವು ಬಿದ್ದರೆ

ಮೊದಲು ಓಡಾಟ ನಿಲ್ಲಿಸಿ, ಆ ಭಾಗಕ್ಕೆ ಹೊಸದು ಬರಬಾರದು, ಅಲ್ಲಿಂದ ಯಾವುದೂ ಹೊರಗೆ ಹೋಗಬಾರದು. ರೋಗ ಯಾವುದು ಅಂತ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಿ, ಊಹೆಯ ಮೇಲೆ ಇಡೀ ಶೆಲ್ಟರ್ ಮುಚ್ಚಬೇಡಿ. ಆಮೇಲೆ ಪಟ್ಟಿ. ರೋಗಿಯ ಗೂಡು, ಪಕ್ಕದ ಗೂಡು, ಅದೇ ಅಂಗಳದಲ್ಲಿ ಆಡಿದವು, ಅದೇ ಜನ ಮುಟ್ಟಿದವು ಎಲ್ಲವನ್ನೂ ಬರೆದು, ಪ್ರತಿಯೊಂದರ ವಯಸ್ಸು ಮತ್ತು ಲಸಿಕೆ ನೋಡಿ. ಎರಡು ವಾರಕ್ಕೂ ಹಿಂದೆ ಲಸಿಕೆ ಆದ, ಆರೋಗ್ಯವಾಗಿರುವ ದೊಡ್ಡ ನಾಯಿಗೆ ಪಾರ್ವೋ ಅಪಾಯ ತೀರಾ ಕಡಿಮೆ, ಅದನ್ನು ಕೂಡಿಹಾಕಬೇಕಾಗಿಲ್ಲ. ಮರಿಗಳಿಗೆ, ಲಸಿಕೆ ಈಗಷ್ಟೇ ಆದವಕ್ಕೆ 14 ದಿನ ಕ್ವಾರಂಟೈನ್. ನಡುವೆ ಆ ಗುಂಪಿನಲ್ಲೊಂದು ಬಿದ್ದರೆ ಉಳಿದವಕ್ಕೆ ಎಣಿಕೆ ಅಂದಿನಿಂದ ಮತ್ತೆ ಶುರು. ರಕ್ತದಲ್ಲಿ ಪ್ರತಿಕಾಯ ನೋಡುವ ಕಿಟ್ ಸಿಕ್ಕರೆ ದೊಡ್ಡ ನಾಯಿಗಳ ಮಟ್ಟಿಗೆ ತುಂಬಾ ಉಪಯೋಗ, ಯಾವುದನ್ನು ಬಿಡಬಹುದು ಅಂತ ಅಂದೇ ಗೊತ್ತಾಗುತ್ತದೆ.

ಹೊಸದಾಗಿ ಬರುವವಕ್ಕೆ ಬೇರೆಯೇ ಸ್ವಚ್ಛ ಜಾಗ, ಸಾಧ್ಯವಾದರೆ ಬೇರೆ ಜನ. ಇಷ್ಟೊಂದು ವ್ಯವಸ್ಥೆ ಮಾಡಿ ಹಳೆಯ ಗುಂಪಿಗೆ ಒಂದು ಹೊಸ ಮರಿಯನ್ನು "ಒಂದೇ ತಾನೆ" ಅಂತ ಸೇರಿಸಿದರೆ ಎಲ್ಲವೂ ಹಾಳು.

ಮನುಷ್ಯರಿಗೆ ದಾಟುವ ರೋಗಗಳು

ರೇಬೀಸ್ ಮೊದಲು. ಪ್ರಾಣಿಗಳ ಜೊತೆ ಕೆಲಸ ಮಾಡುವ ಎಲ್ಲರಿಗೂ ಮುಂಚಿತ ಲಸಿಕೆ ಆಗಿರಲಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಮುಂಚೆ ಲಸಿಕೆ ಹಾಕಿಸಿಕೊಂಡವರೂ ಹೋಗಬೇಕು. ಕಚ್ಚಿದ ನಾಯಿ, ಬೆಕ್ಕು ಆರೋಗ್ಯವಾಗಿದ್ದರೆ 10 ದಿನ ಕಣ್ಣಿಟ್ಟಿರಿ, ಆದರೆ ಆ 10 ದಿನ ಮುಗಿಯಲಿ ಅಂತ ಆಸ್ಪತ್ರೆಗೆ ಹೋಗದೆ ಕೂರಬೇಡಿ. ಕಾರಣವಿಲ್ಲದೆ ನಡವಳಿಕೆ ಬದಲಾದ, ಜೊಲ್ಲು ಸುರಿಸುವ, ನುಂಗಲಾಗದ ನಾಯಿಯ ಬಾಯಿಗೆ "ಮೂಳೆ ಸಿಕ್ಕಿರಬೇಕು" ಅಂತ ಬರಿಗೈ ಹಾಕಬೇಡಿ.

ಹುಳುಕಡ್ಡಿ, ಕಜ್ಜಿ, ದುಂಡುಹುಳು, ಕೊಕ್ಕೆಹುಳು ಎಲ್ಲವೂ ದಾಟುತ್ತವೆ. ಇಲಿಜ್ವರ ಮೂತ್ರದಿಂದ ಬರುತ್ತದೆ, ಗ್ಲೌಸ್ ಮತ್ತು ಬೂಟು ಇಲ್ಲದೆ ಗೂಡು ತೊಳೆಯಬೇಡಿ. ಬೆಕ್ಕಿನ ಮಲದಲ್ಲಿ ಬರುವ, ಗರ್ಭದ ಮಗುವಿಗೆ ಅಪಾಯಕಾರಿಯಾದ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು, ದಿನವೂ ಟ್ರೇ ತೆಗೆದರೆ ಅಪಾಯ ತುಂಬಾ ಇಳಿಯುತ್ತದೆ. ಆದರೂ ಗರ್ಭಿಣಿಯರಿಗೆ ಬೇರೆ ಕೆಲಸ ಕೊಡಿ.

ಕಳಿಸುವಾಗ

ಮನೆಗೆ ಕರೆದೊಯ್ಯುವವರಿಗೆ ಎಲ್ಲವನ್ನೂ ಬರೆದು ಕೊಡಿ: ಯಾವ ಲಸಿಕೆ, ಯಾವ ದಿನ, ಮುಂದಿನದು ಯಾವಾಗ, ಇಲ್ಲಿದ್ದಾಗ ಏನು ರೋಗ ಬಂದಿತ್ತು, ಯಾವುದಕ್ಕೆ ಒಡ್ಡಿಕೊಂಡಿತ್ತು. ಮುಚ್ಚಿಟ್ಟದ್ದು ಒಂದು ವಾರದಲ್ಲಿ ಹೊರಗೆ ಬರುತ್ತದೆ, ಆಗ ಅವರ ಮನೆಯ ಪ್ರಾಣಿಯೂ ಬಿದ್ದಿರುತ್ತದೆ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಒಂದೆರಡು ವಾರ ಬೇರೆ ಕೋಣೆಯಲ್ಲಿ ಇಡಲು ಹೇಳಿ. ಭೇದಿ, ಕೆಮ್ಮು ಕಂಡರೆ ನಿಮಗೂ ಫೋನ್ ಮಾಡಲು ಹೇಳಿ, ಅದು ಶೆಲ್ಟರ್‌ನೊಳಗೆ ಏನು ಶುರುವಾಗಿದೆ ಅನ್ನುವ ಮೊದಲ ಸುದ್ದಿ ಆಗಿರಬಹುದು. ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: "ನಿಮ್ಮ ಮನೆಯಲ್ಲಿ ಈ ವರ್ಷ ಯಾವುದಾದರೂ ಮರಿ ಭೇದಿಯಾಗಿ ಸತ್ತಿತ್ತಾ?" ಹೌದು ಅಂದರೆ ಆ ಮನೆಗೆ ಮರಿ ಕೊಡಬೇಡಿ, ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನೋ ಬೆಕ್ಕನ್ನೋ ಕೊಡಿ.